ತಲೆಬುಡ ತಿಳಿಯದ ಆರು ಕಿಟಕಿ

ನಮ್ಮ ಅತ್ತಿಗೆಯ ಕೈಗೆ ಏನು ಕೊಟ್ಟರೂ ಮೊದಲು ಒರೆಸುತ್ತಾರೆ. ಲೋಟವಾಗಲಿ, ಕೀಲಿಕೈಯಾಗಲಿ, ಅಂಗಡಿಯಿಂದ ಆಗಷ್ಟೇ ತಂದ ಸೋಪಿನ ಪೊಟ್ಟಣವಾಗಲಿ, ಅವರ ಸೊಂಟಕ್ಕೆ ಸಿಕ್ಕಿಸಿದ ಬಟ್ಟೆ ತಾಗದೆ ಮುಂದಕ್ಕೆ ಹೋಗುವಂತಿಲ್ಲ. ಒಮ್ಮೆ ನನ್ನ ಕನ್ನಡಕವನ್ನು ಮೂಗಿನ ಮೇಲಿಂದ ಕಿತ್ತುಕೊಂಡು ತಿಕ್ಕಿ, ಮತ್ತೆ ಮೂಗಿಗೇ ಏರಿಸಿ, "ಈಗ ನೋಡು, ಹೇಗಿದೆ ಲೋಕ" ಎಂದರು. ಲೋಕ ಮೊದಲಿನ ಹಾಗೇ ಇತ್ತು. ಆದರೆ ಹಾಗೆಂದು ಅವರಿಗೆ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಣ್ಣ ಅವರಿಗೆ ಒರೆಸಮ್ಮ ಎಂದು ಹೆಸರಿಟ್ಟಿದ್ದ. ಎದುರಿಗೇ ಹಾಗೆ ಕರೆಯುತ್ತಿದ್ದ, ಅವರು ಓಗೊಡುತ್ತಲೂ ಇದ್ದರು.

ನಾನು ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್. ಬಣ್ಣದ ವಿಷಯದಲ್ಲಿ ನನಗೆ ಗೊತ್ತಿರುವುದು ಸಿಗ್ನಲ್ಲಿನ ಮೂರು ಮಾತ್ರ, ಅದರಲ್ಲೂ ಹಳದಿಯ ಬಗ್ಗೆ ಪೊಲೀಸರಿಗೂ ನನಗೂ ಭಿನ್ನಾಭಿಪ್ರಾಯವಿದೆ. ಇಂಥವನನ್ನು ಹಿಡಿದು ಹೊಸ ಚರ್ಚಿನ ಬಣ್ಣದ ಕಿಟಕಿಗಳ ನಡುವೆ ನಿಲ್ಲಿಸಿದವರು ಇದೇ ಅತ್ತಿಗೆ. ಆ ದಿನಗಳಲ್ಲಿ ನನ್ನ ತಲೆ ಕೆಟ್ಟ ಹಾಗೆ ಇನ್ನೆಂದೂ ಕೆಟ್ಟಿಲ್ಲ. ಈಗಲೂ ಅದು ಪೂರ್ತಿ ನೆಟ್ಟಗಾಗಿದೆ ಎಂದು ಹೇಳಲಾರೆ.

ಮದುವೆಗೆ ಮುಂಚೆ ಅತ್ತಿಗೆ ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿದ್ದರು. ತೊಳೆದು ಬಂದ ಬಾಟಲಿಯನ್ನು ದೀಪಕ್ಕೆ ಹಿಡಿದು, ಒಳಗೆ ಕಸ ಉಳಿದಿದೆಯೇ ಎಂದು ನೋಡುವುದು ಅವರ ಕೆಲಸ. ಅಣ್ಣ ಅಲ್ಲಿಗೆ ಒಡೆದ ಬಣ್ಣದ ಬಾಟಲಿಗಳನ್ನು ಕೊಳ್ಳಲು ಹೋಗುತ್ತಿದ್ದ. ಹಸಿರು, ಕಂದು, ಔಷಧಿಯ ಬಾಟಲಿಯ ನೀಲಿ, ಎಲ್ಲ ಚೂರುಗಳೂ ಅವನಿಗೆ ಬೇಕು. ಒಂದು ದಿನ ಅತ್ತಿಗೆ, "ಒಡೆದದ್ದನ್ನ ಒಯ್ದು ಏನ್ ಮಾಡ್ತೀರಿ? ಕೊಡೋದನ್ನ ತೊಳೆದಾದ್ರೂ ಕೊಡ್ತೀನಿ, ಇರಿ" ಎಂದರಂತೆ. ಚೂರು ಗಾಜನ್ನು ತೊಳೆದು ಒರೆಸಿ ಕಾಗದದಲ್ಲಿ ಸುತ್ತಿ ಕೊಡುವ ಹುಡುಗಿಯನ್ನು ಅವನು ಅದುವರೆಗೆ ಕಂಡಿರಲಿಲ್ಲ. ಒಡೆದ ಬಾಟಲಿ ತರಲು ಹೋದವನು ಗಟ್ಟಿ ಹೆಂಡತಿಯನ್ನು ತಂದ ಎಂದು ನಮ್ಮಮ್ಮ ಇರುವಷ್ಟು ದಿನ ನಗುತ್ತಿದ್ದಳು.

ಅಣ್ಣನದು ಬಣ್ಣದ ಗಾಜಿನ ಕೆಲಸ. ಕೆಳಗೆ ಕಾರ್ಯಾಗಾರ, ಮೇಲೆ ಮನೆ. ಗಾಜನ್ನು ಆಕಾರಕ್ಕೆ ಕತ್ತರಿಸಿ, ತುಂಡು ತುಂಡಿನ ನಡುವೆ ಸೀಸದ ಪಟ್ಟಿ ಕೂರಿಸಿ, ಕೂಡಿದಲ್ಲೆಲ್ಲ ಬೆಸುಗೆ ಹಾಕಿ ಒಂದು ಗಾಜಿನ ಹಲಗೆ ಮಾಡುತ್ತಿದ್ದ. ಬಾಗಿಲಿನ ಮೇಲೆ ಕೂರಿಸುವಂಥದ್ದು, ಮೆಟ್ಟಿಲ ಬದಿಯ ಕಿಟಕಿಗೆ, ಒಮ್ಮೊಮ್ಮೆ ಹೋಟೆಲಿನ ಗೋಡೆಗೆ. ಬೆಸುಗೆ ಮುಗಿದ ಮೇಲೆ ಹಲಗೆ ಅತ್ತಿಗೆಯ ಪಾಲು. ಸೀಸದ ಸಂದಿಗಳಿಗೆ ಬ್ರಷ್ಷಿನಲ್ಲಿ ಪುಟ್ಟಿ ತುಂಬಿ, ಸೀಮೆಸುಣ್ಣದ ಪುಡಿ, ಮರದ ಹೊಟ್ಟು ಎರಚಿ, ಮೇಜಿನ ಸುತ್ತ ತಿರುಗುತ್ತಾ, ಹಲಗೆಯನ್ನೂ ತಿರುಗಿಸುತ್ತಾ, ಗಾಜು ಕಣ್ಣು ಕುಕ್ಕುವವರೆಗೆ ಉಜ್ಜುವುದು. ಯಾವ ಕಡೆ ಮೇಲೆ, ಎಷ್ಟನೆಯ ಜಾಗ ಎಂದು ಅಣ್ಣ ಗಾಜಿನ ಮೂಲೆಯಲ್ಲಿ ಮೇಣದ ಪೆನ್ಸಿಲಿನಿಂದ ಗುರುತು ಹಾಕಿರುತ್ತಿದ್ದ. ಉಜ್ಜುವ ಭರದಲ್ಲಿ ಆ ಗುರುತೂ ಅಳಿಸಿ ಹೋಗುತ್ತಿತ್ತು. ಅವನು ಒಮ್ಮೆ ಬೈದು, ಮತ್ತೆ ಹಾಕುತ್ತಿದ್ದ. ಇದು ಆ ಮನೆಯ ಪದ್ಧತಿ. ಅವನು ಬರೆಯುವುದು, ಅವರು ಒರೆಸುವುದು, ಅವನು ಮತ್ತೆ ಬರೆಯುವುದು.

"ಸೀಸದ ಮೇಲೇ ಗೀಚಿಬಿಡಬಾರದೇನೋ? ಅದು ಅಳಿಸೋದಿಲ್ವಲ್ಲ" ಎಂದು ನಾನೇ ಒಮ್ಮೆ ಕೇಳಿದ್ದೆ.

"ಯಾಕೆ ಗೀಚ್ಬೇಕು? ಎಲ್ಲ ತಲೇಲಿದೆ" ಎಂದ.

ಆಮೇಲೆ ಬಂದದ್ದು ಚರ್ಚಿನ ಕೆಲಸ. ಊರಿನ ಅಂಚಿನಲ್ಲಿ ಹೊಸದಾಗಿ ಕಟ್ಟುತ್ತಿದ್ದ ಚರ್ಚು. ಕಮಾನು, ಗೋಪುರ ಏನೂ ಇಲ್ಲ, ನೇರ ಗೋಡೆ, ನೇರ ಸೂರು. ಬಲಿಪೀಠದ ಎರಡೂ ಬದಿಯ ಗೋಡೆಗಳಲ್ಲಿ ಮೂರು ಮೂರರಂತೆ ಆಳೆತ್ತರದ ಆರು ಕಿಟಕಿ. ಮೇಸ್ತ್ರಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದರಿಂದ ಆರೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಒಂದೇ ಅಳತೆ. ಚೌಕಟ್ಟುಗಳಿಗೆ ಮೇಲೂ ಕೆಳಗೂ ಒಂದೇ ರೂಪ. ಇದು ಮೇಸ್ತ್ರಿಯ ಹೆಮ್ಮೆ. ಮುಂದೆ ನಮ್ಮ ಗ್ರಹಚಾರವೂ ಅದೇ ಆಯಿತು.

ಕಿಟಕಿಯಲ್ಲಿ ಸಂತರ ಚಿತ್ರ ಬರಬೇಕೆಂದು ಕಮಿಟಿಯ ಆಸೆ. ಅಣ್ಣ ಒಪ್ಪಲಿಲ್ಲ. ಬರೀ ಬಣ್ಣ, ಬರೀ ಗೆರೆ ಎಂದು ಹಟ ಹಿಡಿದ. ಒಂದು ಕಾಗದದ ಮೇಲೆ ಆರು ಚೌಕ ಎಳೆದು ಬಣ್ಣ ಹಚ್ಚಿ ತೋರಿಸಿದ. ಕಮಿಟಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು, ಲೆಕ್ಕಪತ್ರಕ್ಕೂ ಅವರೇ, ತಕರಾರಿಗೂ ಅವರೇ. ಅವರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಇದರಲ್ಲಿ ದೇವರೆಲ್ಲಿ?" ಎಂದರು.

"ಮೊದಲು ಬೆಳಕು ಬರಲಿ ಮೇಷ್ಟ್ರೇ, ಆಮೇಲೆ ಕೂತು ಹುಡುಕೋಣ" ಎಂದ ಅಣ್ಣ.

ಪಾದ್ರಿಗಳು ಇನ್ನೂ ಎಳೆಯ ವಯಸ್ಸಿನವರು, ಯಾರ ಮನಸ್ಸನ್ನೂ ನೋಯಿಸದವರು. ಮೇಷ್ಟ್ರು ಹೇಳುವುದೂ ಸರಿ, ಇವರು ಹೇಳುವುದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಕೆಲಸ ಅಣ್ಣನಿಗೇ ಸಿಕ್ಕಿತು. ಕೆಲಸಕ್ಕೆ ಕೂತ ಮೇಲೆ ಆ ಕಾಗದವನ್ನು ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಹಳದಿ ಇದ್ದಲ್ಲಿ ಹಸಿರು ಬಂತು, ಅಗಲವಿದ್ದದ್ದು ಸಪುರವಾಯಿತು. ದೊಡ್ಡ ಹಾಳೆಯ ನಕಾಶೆಗಳನ್ನೆಲ್ಲ ಗಾಜು ಕತ್ತರಿಸುವ ಅಚ್ಚಿಗೆಂದು ತುಂಡು ತುಂಡು ಮಾಡಿದ. ಗುರುತುಗಳನ್ನು ಅತ್ತಿಗೆ ಎಂದಿನಂತೆ ಒರೆಸುತ್ತಾ ಹೋದರು. ಆರೂ ಮುಗಿಯಲಿ, ಒಟ್ಟಿಗೆ ಹಾಕುತ್ತೇನೆ ಎಂದು ಅಣ್ಣ ಸುಮ್ಮನಿದ್ದ.

ಆರನೆಯದನ್ನು ಅತ್ತಿಗೆ ಒರೆಸಿ ಗೋಡೆಗೆ ಒರಗಿಸಿದ ಮಧ್ಯಾಹ್ನ, ಮೇಜಿನ ಕೆಳಗೆ ಬಿದ್ದ ಮೇಣದ ಪೆನ್ಸಿಲ್ ಎತ್ತಿಕೊಳ್ಳಲು ಬಗ್ಗಿದ ಅಣ್ಣ ಮೇಲೇಳಲಿಲ್ಲ.

ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದು ಮಾತನ್ನು ಬಿಟ್ಟು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು "ಅದೇ" ಎಂದ. ಅತ್ತಿಗೆ ಏನದು, ಏನದು ಎಂದು ಅವನ ಬಾಯಿಗೆ ಕಿವಿ ಇಟ್ಟರು. "ಅದೇ" ಎಂದ. ಹಸಿವಾ ಎಂದರೆ ಅದೇ, ನಿದ್ದೆನಾ ಎಂದರೆ ಅದೇ. ಮಗಳು ಗಂಡನ ಊರಿಂದ ಓಡಿ ಬಂದು ಕಾಲ ಬಳಿ ಕೂತು ಅತ್ತಳು. ಅವಳಿಗೂ ಅದೇ. ಡಾಕ್ಟರು ನಮ್ಮನ್ನು ಹೊರಗೆ ಕರೆದು, "ಕೇಳಿಸುತ್ತೆ. ಆದರೆ ಅರ್ಥ ಎಷ್ಟು ಆಗ್ತಿದೆ, ಒಳಗೆ ಎಷ್ಟು ಉಳಿದಿದೆ ಅಂತ ಈಗ ಹೇಳೋಕಾಗಲ್ಲ. ಕಾಯ್ಬೇಕು" ಎಂದರು. ಕಾಯುವುದಕ್ಕೂ ಒಂದು ಲೆಕ್ಕ ಬೇಕಲ್ಲ, ಅದನ್ನು ಅವರು ಹೇಳಲಿಲ್ಲ.

ಮನೆಗೆ ಕರೆತಂದೆವು. ಮಗಳು ಒಂದಷ್ಟು ದಿನ ಇದ್ದು ಹೋದಳು. ಅತ್ತಿಗೆ ಅವನಿಗೆ ಉಣ್ಣಿಸಿದರು, ಮೈ ಒರೆಸಿದರು, ಮಗ್ಗುಲು ಬದಲಿಸಿದರು. ಎಲ್ಲವನ್ನೂ ಬಾಯಿ ಮುಚ್ಚಿಕೊಂಡು ಮಾಡಿದರು. ಅದನ್ನು ನೋಡಿಯೇ ನನಗೆ ಹೆದರಿಕೆಯಾದದ್ದು. ಆ ಮನೆಯಲ್ಲಿ ದಿನಕ್ಕೆರಡು ಜಗಳವಿಲ್ಲದೆ ದೀಪ ಹತ್ತಿದ್ದನ್ನು ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಪಾದ್ರಿಗಳು ಬಂದರು. ಭಾನುವಾರ ಬಿಷಪ್ ಬಂದು ಚರ್ಚನ್ನು ಪ್ರತಿಷ್ಠೆ ಮಾಡುವವರಿದ್ದಾರೆ, ಕಿಟಕಿಗಳಿಗೆ ಸದ್ಯಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದಾರೆ, ಅವಸರವೇನೂ ಇಲ್ಲ, ಆದರೆ ಆದರೆ ಒಳ್ಳೆಯದು ಎಂದರು. ಆ ಎರಡು ಆದರೆಗಳ ನಡುವೆ ಅವರ ಮನಸ್ಸಿನಲ್ಲಿದ್ದದ್ದು ಏನು ಎಂದು ನನಗೆ ತಿಳಿಯಲಿಲ್ಲ. ಅತ್ತಿಗೆಗೆ ತಿಳಿಯಿತು.

"ನಾನೇ ಕೂರಿಸ್ತೀನಿ ಫಾದರ್. ನನ್ ಮೈದುನ ಇದ್ದಾನೆ" ಎಂದರು.

ಮೈದುನನನ್ನು ಯಾರೂ ಕೇಳಲಿಲ್ಲ.

ಪಾದ್ರಿಗಳು ಹೋದ ಮೇಲೆ ಇಬ್ಬರೂ ಕೆಳಗಿಳಿದು ಕಾರ್ಯಾಗಾರದ ಬಾಗಿಲು ತೆಗೆದೆವು. ಆರು ಹಲಗೆಗಳೂ ಗೋಡೆಗೊರಗಿ ಫಳಫಳ ಹೊಳೆಯುತ್ತಿದ್ದವು. ನಾನು ಒಂದೊಂದರ ನಾಲ್ಕು ಮೂಲೆಯನ್ನೂ ನೋಡುತ್ತಾ ಹೋದೆ. ಬಾಣವಿಲ್ಲ, ಅಂಕಿಯಿಲ್ಲ, ಒಂದು ಬೆರಳಚ್ಚು ಕೂಡ ಇಲ್ಲ.

"ಅತ್ತಿಗೆ, ಮೇಲೆ ಯಾವ್ದು ಕೆಳಗೆ ಯಾವ್ದು?" ಎಂದೆ.

ತಿರುಗಿ ನೋಡಿದೆ. ಅವರ ಮುಖ ಸುಣ್ಣದ ಹಾಗಾಗಿತ್ತು. ಆರು ಹಲಗೆಯ ಗುರುತನ್ನೂ ತಮ್ಮ ಕೈಯಾರೆ ಒರೆಸಿದ್ದು ಅವರಿಗೆ ಹೊಳೆದದ್ದು ಆ ಕ್ಷಣದಲ್ಲಿ.

ಒಳಹೊರಗು ಮಾತ್ರ ಗೊತ್ತಾಗುತ್ತಿತ್ತು. ಚೌಕಟ್ಟಿನ ಅಡ್ಡಕಂಬಿಗೆ ಕಟ್ಟಲೆಂದು ಅಣ್ಣ ಒಂದು ಬದಿಗೆ ತಾಮ್ರದ ತಂತಿಗಳನ್ನು ಬೆಸೆದಿದ್ದ, ಅದು ಒಳಗಿನ ಬದಿ. ಉಳಿದದ್ದು ದೇವರಿಗೇ ಗೊತ್ತು. ಮೂರರಲ್ಲಿ ಕೆಂಪು ಹೆಚ್ಚು, ಮೂರರಲ್ಲಿ ನೀಲಿ ಹೆಚ್ಚು. ಕೆಂಪು ಯಾವ ಗೋಡೆಗೆ, ಮೂರರಲ್ಲಿ ಯಾವುದು ಮೊದಲು, ತಲೆ ಎಲ್ಲಿ, ಬುಡ ಎಲ್ಲಿ? ಅತ್ತಿಗೆ ಒಂದೊಂದನ್ನೂ ಮುಟ್ಟಿ ನೆನಪಿಸಿಕೊಳ್ಳಲು ನೋಡಿದರು. ಅವರಿಗೆ ನೆನಪಿದ್ದದ್ದೆಲ್ಲ ಕೊಳೆ. "ಈ ಮೂಲೇಲಿ ಪುಟ್ಟಿ ಗಟ್ಟಿಯಾಗಿ ಕೂತಿತ್ತು, ಸಾಕ್ ಸಾಕಾಯ್ತು. ಈ ಗಾಜಿಗೆ ಜಿಡ್ಡು ಜಾಸ್ತಿ" ಎಂದರು. ಅದು ಮೇಲಿನ ಮೂಲೆಯೋ ಕೆಳಗಿನದೋ ಎಂದರೆ, ಮೇಜಿನ ಮೇಲೆ ಗಿರಗಿರ ತಿರುಗಿಸಿದ ಹಲಗೆಗೆ ಮೇಲೇನು, ಕೆಳಗೇನು.

ಕೊನೆಗೆ ಒಂದನ್ನು ಹೊತ್ತು ಮೇಲಕ್ಕೆ ಅಣ್ಣನ ಹಾಸಿಗೆಯ ಬಳಿ ಒಯ್ದೆವು. ಇಂಥ ಹಲಗೆಯನ್ನು ನಿಲ್ಲಿಸಿಯೇ ಹೊರಬೇಕು, ಮಲಗಿಸಿದರೆ ಸೀಸ ಬಾಗುತ್ತದೆ. ಆ ಇಕ್ಕಟ್ಟು ಮೆಟ್ಟಿಲಲ್ಲಿ ಅದನ್ನು ನಿಲ್ಲಿಸಿಕೊಂಡು ಹತ್ತುವಾಗ ನಮ್ಮ ಪೂರ್ವಿಕರೆಲ್ಲ ನೆನಪಾದರು. ಕಿಟಕಿಯ ಬೆಳಕಿಗೆ ಹಿಡಿದು ಅತ್ತಿಗೆ ಕೇಳಿದರು.

"ರೀ, ಹೀಗಾ?"

"ಅದೇ."

ತಿರುಗಿಸಿ ತಲೆಕೆಳಗು ಮಾಡಿದೆವು. "ಇಲ್ಲಾ ಹೀಗಾ?"

"ಅದೇ, ಅದೇ."

"ಸರಿಯಾಗಿ ನೋಡಿ. ಇದಾ, ಮೊದಲಿನದಾ?"

"ಅದೇ" ಎಂದು ನಕ್ಕ. ಅರ್ಧ ಬಾಯಲ್ಲಿ ನಕ್ಕ.

ನನಗೆ ರೇಗಿತು. ತೋಳು ಕಿತ್ತು ಬರುತ್ತಿತ್ತು. "ಅಣ್ಣಾ, ನಾನು ಕತ್ತೆನಾ?" ಎಂದೆ.

"ಅದೇ."

ಅತ್ತಿಗೆಗೆ ನಗು ಬಂತು. ನಗುತ್ತಾ ನಗುತ್ತಾ ಹಲಗೆಯನ್ನು ಗೋಡೆಗೆ ಒರಗಿಸಿ ಆಚೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿತು. ನಲ್ಲಿ ಬಹಳ ಹೊತ್ತು ಹರಿಯಿತು.

ಚರ್ಚಿನಲ್ಲಿ ಕೆಲಸ ಶುರುವಾದಾಗ ಗೊಂದಲಕ್ಕೆ ಹತ್ತು ಕೈ ಸೇರಿದವು. ಮೇಷ್ಟ್ರು ಅಣ್ಣ ಕೊಟ್ಟಿದ್ದ ಹಳೆಯ ಕಾಗದವನ್ನು ಜೋಪಾನವಾಗಿ ತಂದರು. ಅದರಲ್ಲಿದ್ದ ಒಂದು ಚೌಕಕ್ಕೂ ಇಲ್ಲಿದ್ದ ಒಂದು ಹಲಗೆಗೂ ತಾಳೆಯಾಗಲಿಲ್ಲ. ಹಾಗಾದರೆ ಕೆಲಸವೇ ತಪ್ಪಾಗಿದೆ ಎಂದು ಅವರ ತೀರ್ಪು. ಕೆಂಪು ಎಡಕ್ಕೆ ಎಂದು ಅಣ್ಣ ಹೇಳಿದ್ದು ನನಗೆ ಮಸುಕಾಗಿ ನೆನಪಿತ್ತು. ಯಾರ ಎಡ? ಕೂತವರ ಎಡವೋ, ಅವರಿಗೆ ಎದುರಾಗಿ ನಿಲ್ಲುವ ಪಾದ್ರಿಗಳ ಎಡವೋ? ಪಾದ್ರಿಗಳು ಬಲಿಪೀಠದ ಬಳಿ ನಿಂತು ಎರಡೂ ಕೈ ನೋಡಿಕೊಂಡರು. ಆಮೇಲೆ, "ಬೆಳಗಿನ ಬಿಸಿಲು ಬರೋ ಕಡೆ ಕೆಂಪು ಅಂತ ಒಂದ್ಸಲ ಅಂದಿದ್ರು ಅನ್ಸುತ್ತೆ. ಇಲ್ಲ ಬೆಳಗಿನ ಬಿಸಿಲಿಗೆ ಕೆಂಪು ಬೇಡ ಅಂದಿದ್ರೋ" ಎಂದರು.

"ಫಾದರ್, ಒಂದನ್ನ ಹೇಳಿ" ಎಂದರು ಅತ್ತಿಗೆ.

"ಬಿಸಿಲು ಬರೋ ಕಡೆ ಅಂತಲೇ ಅಂದಿದ್ರು" ಎಂದು ಪಾದ್ರಿಗಳು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಕಡೆ ನಿಂತರು.

ಮೇಸ್ತ್ರಿ ಗೋಡೆಗೆ ಕಟ್ಟಿದ್ದ ಬಿದಿರಿನ ಸಾರುವೆಯ ಮೇಲೆ ಕೂತು ಹಲಗೆಯೊಂದರ ಗಾಜಿನೊಳಗೆ ಸಣ್ಣ ಗುಳ್ಳೆಗಳನ್ನು ಕಂಡುಹಿಡಿದ. "ಗುಳ್ಳೆ ಯಾವಾಗ್ಲೂ ಮೇಲಕ್ಕೇ ಹೋಗೋದಲ್ವಾ? ಗುಳ್ಳೆ ಇರೋ ಕಡೆ ಮೇಲೆ ಮಾಡಿ" ಎಂದ. ನನಗಂತೂ ಅದು ನ್ಯಾಯವೆನಿಸಿತು. "ಗಾಜು ಒಲೇಲಿ ಮಲಗಿದ್ದಾಗ ಬಂದ ಗುಳ್ಳೆ ಅದು. ಅದಕ್ಕೇನ್ ಗೊತ್ತು, ತಾನು ಎಲ್ಲಿ ನಿಲ್ತೀನಿ ಅಂತ" ಎಂದು ಅತ್ತಿಗೆ ಅವನ ಬಾಯಿ ಮುಚ್ಚಿಸಿದರು. ಬಣ್ಣ ಬಳಿಯಲು ಬಂದವರು, ಬೆಂಚು ಜೋಡಿಸುವವರು, ದಾರಿಯಲ್ಲಿ ಹೋಗುತ್ತಾ ಇಣುಕಿದವರು ಎಲ್ಲರೂ ಒಂದೊಂದು ಮಾತು ಸೇರಿಸಿದರು. ಅವರಲ್ಲಿ ಒಬ್ಬರಿಗೂ ಆ ಕಿಟಕಿಯಲ್ಲಿ ಏನಿದೆ ಎಂದು ತಿಳಿದಿರಲಿಲ್ಲ. ತಿಳಿಯದ ವಿಷಯಕ್ಕೆ ನಾಲಗೆ ಉದ್ದ.

ಅತ್ತಿಗೆ ಮಾತ್ರ ಬೇರೆ ದಾರಿ ಹಿಡಿದರು. ಒಂದು ಹಲಗೆಯನ್ನು ನಾನು, ಮೇಸ್ತ್ರಿ ಎತ್ತಿ ಚೌಕಟ್ಟಿಗೆ ಹಿಡಿಯಬೇಕು. ಅವರು ಕೆಳಗಿಳಿದು ಹೋಗಿ ಬೆಂಚಿನ ಮೇಲೆ ಕೂರುವರು. ಮೊದಲ ಸಾಲು, ನಡುವಿನ ಸಾಲು, ಬಾಗಿಲ ಬಳಿಯ ಮೂಲೆ. ಪ್ರಾರ್ಥನೆಗೆ ಬಂದವರ ಹಾಗೆ ಕೈ ಕಟ್ಟಿ ಕೂತು ನೋಡುವರು. ಆಮೇಲೆ "ತಿರುಗ್ಸಿ" ಎನ್ನುವರು. ನಾವು ಏದುಸಿರು ಬಿಡುತ್ತಾ ತಿರುಗಿಸಬೇಕು. ಮತ್ತೆ ಕೂತು ನೋಡುವರು. ಅಷ್ಟರಲ್ಲಿ ಮೋಡ ಬಂದು ಎಲ್ಲ ಬೇರೆಯಾಗಿ ಕಾಣುತ್ತಿತ್ತು. ಬೆಳಿಗ್ಗೆ ಸರಿ ಎಂದದ್ದು ಮಧ್ಯಾಹ್ನ ತಪ್ಪೆನಿಸುತ್ತಿತ್ತು. ಮಧ್ಯಾಹ್ನ ಬದಲಾಯಿಸಿದ್ದನ್ನು ಸಂಜೆ ಮತ್ತೆ ಬದಲಾಯಿಸಿದೆವು. ರಾತ್ರಿ ಕಣ್ಣು ಮುಚ್ಚಿದರೆ ನನಗೆ ಕೆಂಪು ನೀಲಿ ಚೌಕಗಳು ತಲೆಕೆಳಗಾಗಿ ತಿರುಗುತ್ತಿದ್ದವು.

ಶುಕ್ರವಾರ ಊಟದ ಹೊತ್ತಿಗೆ ನನ್ನ ತಾಳ್ಮೆ ಹರಿಯಿತು. ಸಾರುವೆಯ ಹಲಗೆಯ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಡಬ್ಬಿ ಬಿಚ್ಚಿಕೊಂಡು ಕೂತಿದ್ದೆವು.

"ಅತ್ತಿಗೆ, ಹೇಗಾದ್ರೂ ಕೂರಿಸಿ ಮುಗಿಸೋಣ. ಯಾರಿಗೆ ಗೊತ್ತಾಗುತ್ತೆ? ಬಿಷಪ್‌ಗೆ ಗೊತ್ತಾಗುತ್ತಾ? ಮೇಷ್ಟ್ರಿಗೆ ಗೊತ್ತಾಗುತ್ತಾ?"

"ನಿಮ್ಮಣ್ಣಂಗೆ ಗೊತ್ತಾಗುತ್ತೆ."

"ಗೊತ್ತಾಗುತ್ತಾ?" ಎಂದುಬಿಟ್ಟೆ.

ಅತ್ತಿಗೆ ಡಬ್ಬಿಯ ಮುಚ್ಚಳವನ್ನು ಒರೆಸುತ್ತಾ ಕೂತರು. ಅದು ಮೊದಲೇ ಸ್ವಚ್ಛವಾಗಿತ್ತು.

"ಅದೇ ಕಣಪ್ಪ ನಂಗೂ ತಿಳೀಬೇಕಾಗಿರೋದು" ಎಂದರು. "ನಾನು ಉಣ್ಣಿಸ್ತೀನಿ, ಉಣ್ತಾರೆ. ಮಾತಾಡಿದ್ರೆ ಅದೇ ಅಂತಾರೆ. ಒಳಗೆ ನನ್ ಗಂಡ ಇದ್ದಾರಾ, ಇಲ್ಲಾ ಬರೀ ಮೈ ಇದೆಯಾ? ಯಾರನ್ನ ಕೇಳ್ಲಿ? ಡಾಕ್ಟರು ಕಾಯಿರಿ ಅಂತಾರೆ. ಇಲ್ಲಿ ಕರ್ಕೊಂಡು ಬಂದು ಕೂರಿಸ್ಬೇಕು ಅನ್ಸುತ್ತೆ. ಇವರು ಮಾಡಿದ್ದನ್ನ ಇವರು ನೋಡಿದ್ರೆ ಏನಾದ್ರೂ ಆಗ್ಬಹುದು. ಆದ್ರೆ ಹೆದರಿಕೆ ಆಗುತ್ತೆ. ಇದನ್ನೂ ನೋಡಿ ಅದೇ ಅಂದುಬಿಟ್ರೆ? ಆಮೇಲೆ ನಾನು ಯಾವುದಕ್ಕೆ ಕಾಯ್ಲಿ?"

"ನಾಳೆ ಕರ್ಕೊಂಡು ಬರ್ತೀನಿ. ವ್ಯಾನಿದೆ" ಎಂದಷ್ಟೇ ಹೇಳಿದೆ. ಅವರು ಡಬ್ಬಿಗೆ ಮುಚ್ಚಳ ಒತ್ತಿದರು. ಎದ್ದು, "ಸಾಕು ಕೂತಿದ್ದು, ಎತ್ತು ಅದನ್ನ" ಎಂದರು.

ಆ ದಿನ ಬೆಳಕು ಹೋಗುವುದರೊಳಗೆ ಐದನ್ನು ಕೂರಿಸಿದೆವು. ಐದರಲ್ಲಿ ಒಂದರ ಬಗ್ಗೆಯೂ ಅತ್ತಿಗೆಗೆ ಖಾತ್ರಿ ಇರಲಿಲ್ಲ. ಒಂದೊಂದಕ್ಕೂ "ಹೀಗೇ ಇರಬಹುದು" ಎನ್ನುತ್ತಾ, ಚೌಕಟ್ಟಿನ ಸಂದಿಗೆ ಪುಟ್ಟಿ ಹಾಕಿ, ಹಲಗೆ ಒತ್ತಿ, ತಾಮ್ರದ ತಂತಿಯನ್ನು ಅಡ್ಡಕಂಬಿಗೆ ಸುತ್ತಿ, ಅಂಚುಪಟ್ಟಿಗೆ ಸ್ಕ್ರೂ ಹಾಕಿದರು. ಆರನೆಯದು ಶನಿವಾರ ಬೆಳಿಗ್ಗೆಗೆ ಉಳಿಯಿತು. ಅದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ಒಂದು ತುದಿಯಲ್ಲಿ ಕಡುನೀಲಿ ದಟ್ಟವಾಗಿ ಕೂಡಿಕೊಂಡಿತ್ತು, ಇನ್ನೊಂದು ತುದಿಗೆ ಹೋದಂತೆ ತಿಳಿಯಾಗುತ್ತಾ ಕೊನೆಗೆ ಬರೀ ಬಿಳಿ. "ಇದಕ್ಕೇನು ಕೇಳೋದು? ಆಕಾಶ ಮೇಲಿರುತ್ತೆ" ಎಂದರು ಮೇಷ್ಟ್ರು. ಮೇಸ್ತ್ರಿ ತಲೆಯಾಡಿಸಿದ. ಪಾದ್ರಿಗಳೂ ಒಪ್ಪಿದರು. ನನಗೂ ಕೊನೆಗೊಂದು ಕಿಟಕಿ ಅರ್ಥವಾಯಿತು ಎಂದು ಸಂತೋಷವಾಯಿತು. ಅತ್ತಿಗೆ ಕೂಡ ಬೆಂಚಿಗೆ ಹೋಗಿ ಕೂರಲಿಲ್ಲ. ನೀಲಿಯನ್ನು ಮೇಲೆ ಮಾಡಿ ಒಂದೇ ಸಲಕ್ಕೆ ಕೂರಿಸಿಬಿಟ್ಟೆವು.

ಮಧ್ಯಾಹ್ನ ನಾನು, ಮೇಸ್ತ್ರಿ ಸೇರಿ ಅಣ್ಣನನ್ನು ಕುರ್ಚಿ ಸಮೇತ ಮೆಟ್ಟಿಲಿಳಿಸಿ ವ್ಯಾನಿಗೆ ಏರಿಸಿದೆವು. ಅತ್ತಿಗೆ ಅವನಿಗೆ ಒಗೆದ ಅಂಗಿ ಹಾಕಿ, ತಲೆ ಬಾಚಿ, ಗಡ್ಡ ಕೆರೆದಿದ್ದರು. ಮದುವೆಯ ದಿನವೂ ಅವನು ಅಷ್ಟು ನೀಟಾಗಿರಲಿಲ್ಲ. ದಾರಿಯಲ್ಲಿ ಅವನು ಅಂಗಡಿಗಳನ್ನು, ಸೈಕಲ್ಲುಗಳನ್ನು ನೋಡುತ್ತಾ "ಅದೇ, ಅದೇ" ಎನ್ನುತ್ತಿದ್ದ. ಅತ್ತಿಗೆ ಹಿಂದೆ ಅವನ ಕುರ್ಚಿಯನ್ನು ಹಿಡಿದು ಕೂತಿದ್ದರು. ಕನ್ನಡಿಯಲ್ಲಿ ಅವರ ಮುಖ ನೋಡಿ ನಾನು ಹಳದಿ ದೀಪಕ್ಕೂ ನಿಲ್ಲಿಸಿದೆ.

ಚರ್ಚಿನೊಳಗೆ ಗಾಲಿಕುರ್ಚಿ ತಂದಿಟ್ಟಿದ್ದರು. ಅದರಲ್ಲಿ ಕೂರಿಸಿ ಬಲಿಪೀಠದ ಎದುರಿಗೆ ತಂದೆವು. ಮಧ್ಯಾಹ್ನದ ಬಿಸಿಲಿಗೆ ನೀಲಿ ಕಿಟಕಿಗಳ ಬಣ್ಣ ಇಳಿದು ನೆಲದ ಮೇಲೆ ಬಿದ್ದಿತ್ತು. ಅಣ್ಣ ನೆಲ ನೋಡಿದ, ತನ್ನ ಮಂಡಿಯ ಮೇಲೆ ಬಿದ್ದ ನೀಲಿಯನ್ನು ನೋಡಿದ, ಆಮೇಲೆ ತಲೆಯೆತ್ತಿದ.

"ಚೆನ್ನಾಗಿ ಬಂದಿದೆ ಅಲ್ವಾ?" ಎಂದರು ಪಾದ್ರಿಗಳು ಮೆಲ್ಲಗೆ.

"ಅದೇ."

"ತೃಪ್ತಿ ಆಯ್ತಾ?" ಎಂದು ಮೇಷ್ಟ್ರು ಕಿವುಡರಿಗೆ ಕೇಳುವ ಹಾಗೆ ಕೂಗಿದರು.

"ಅದೇ, ಅದೇ."

ಅತ್ತಿಗೆ ಕುರ್ಚಿಯನ್ನು ಹಿಡಿದು ನಿಧಾನವಾಗಿ ಒಂದೊಂದು ಕಿಟಕಿಯ ಎದುರಿಗೂ ತಳ್ಳಿಕೊಂಡು ಹೋದರು. ಮೊದಲನೆಯದರ ಎದುರು ನಿಂತರು. ಅವನು ನೋಡಿದ. ಎರಡನೆಯದು, ಮೂರನೆಯದು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಹೋಗಿ ವ್ಯಾನಿನಲ್ಲಿ ಕೂರೋಣ ಎಂದು ಬಾಗಿಲವರೆಗೆ ಹೋಗಿ, ತಿರುಗಿ ಬಂದೆ. ಕರೆದುಕೊಂಡು ಬರುತ್ತೇನೆ ಎಂದವನು ನಾನೇ ಅಲ್ಲವೇ, ಅವರ ಮನೆಯ ಕೊನೆಯ ಆಸೆಯನ್ನೂ ನಾನೇ ಮುರಿದೆನೇನೋ ಎನಿಸಿತು.

ಆಚೆ ಗೋಡೆಗೆ ಹೋದರು. ನಾಲ್ಕನೆಯದು, ಐದನೆಯದು. ಆರನೆಯದರ ಎದುರು ಕುರ್ಚಿ ನಿಂತಿತು. ಅಣ್ಣ ಮುಂದಕ್ಕೆ ಬಾಗಿದ. ಎಡಗೈ ಕುರ್ಚಿಯ ತೋಳನ್ನು ಹಿಡಿದು ಮೇಲೇಳುವವನ ಹಾಗೆ ಒತ್ತಿತು. ಬಾಯಿ ತೆರೆಯಿತು.

"ಅ..." ಎಂದ. ಕತ್ತಿನ ನರ ಉಬ್ಬಿತು. "ಅ... ಅ..."

ಅತ್ತಿಗೆ ಕಣ್ಣು ಮುಚ್ಚಿಕೊಂಡರು.

"ಅಲ್ಲ" ಎಂದ ಅಣ್ಣ.

ಮೇಷ್ಟ್ರು, "ಏನಂದ್ರು?" ಎಂದರು.

"ಅಲ್ಲ!" ಈ ಸಲ ಚರ್ಚಿನ ಸೂರು ಗುಂಯ್‌ಗುಟ್ಟಿತು. ಎಡಗೈಯನ್ನು ಕಿಟಕಿಯತ್ತ ಚಾಚಿ, ಅಂಗೈಯನ್ನು ಮೇಲೆ ಮಾಡಿದ, ಕೆಳಗೆ ಮಾಡಿದ. ಮತ್ತೆ ಮೇಲೆ, ಮತ್ತೆ ಕೆಳಗೆ. ದೋಸೆ ಮಗುಚುವವರ ಹಾಗೆ ಎಂದು ನಾನು ಹೇಳಿದರೆ ಅತ್ತಿಗೆ ಈಗಲೂ ಬೈಯುತ್ತಾರೆ.

"ತಲೆಕೆಳಗಾಗಿದೆಯಾ?" ಎಂದು ಮೇಸ್ತ್ರಿ ಸಾರುವೆಯಿಂದ ಕೇಳಿದ. "ನೀಲಿ ಕೆಳಗೆ ಬರ್ಬೇಕಾ?"

ಅಣ್ಣ ಕೈ ಇಳಿಸಿ ಉಫ್ ಎಂದು ಉಸಿರು ಬಿಟ್ಟ. ದಡ್ಡರಿಗೆ ಹೇಳಿ ಹೇಳಿ ಸಾಕಾದವನ ಮುಖ ಅದು. ಆ ಮುಖವನ್ನು ನಾನು ಚಿಕ್ಕಂದಿನಿಂದ ಬಲ್ಲೆ.

ಅತ್ತಿಗೆ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಭುಜ ಅಲುಗುತ್ತಿತ್ತು. ಪಾದ್ರಿಗಳು ಗಾಬರಿಯಿಂದ ನೀರಿಗೆ ಓಡಿದರು. ಮೇಷ್ಟ್ರು ಅವರ ಬಳಿ ಬಗ್ಗಿ, "ಬೇಜಾರ್ ಮಾಡ್ಕೋಬೇಡಮ್ಮ, ತಪ್ಪು ಎಲ್ಲರ ಕೈಲೂ ಆಗುತ್ತೆ. ನಾಳೆಗೆ ಹೀಗೇ ಇರಲಿ, ಯಾರಿಗೂ ತಿಳಿಯಲ್ಲ" ಎಂದರು. ಅವರು ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

"ಬೇಜಾರಾ?" ಎಂದು ಅತ್ತಿಗೆ ತಲೆಯೆತ್ತಿದರು. ಮುಖವೆಲ್ಲ ಒದ್ದೆ, ನಗುತ್ತಿದ್ದರು. "ತಪ್ಪು ಅಂದ್ರು ಮೇಷ್ಟ್ರೇ. ನಾನ್ ಮಾಡಿದ್ದು ತಪ್ಪು ಅಂದ್ರು. ಕೇಳಿಸ್ತಾ ನಿಮ್ಗೆ?"

ಮೇಷ್ಟ್ರಿಗೆ ಕೇಳಿಸಿತು, ತಿಳಿಯಲಿಲ್ಲ. ಒಂದನ್ನು ಅಲ್ಲ ಎಂದರೆ ಉಳಿದ ಐದೂ ಸರಿ ಎಂದೇ ಅಲ್ಲವೇ ಎಂದು ನಾನು ಅಣ್ಣನ ಮುಖ ನೋಡಿದೆ. ಇರಬಹುದು, ಇಲ್ಲದೆಯೂ ಇರಬಹುದು. ಅವನು ನೀಲಿ ಕಿಟಕಿಯನ್ನೇ ದುರುಗುಟ್ಟಿ ನೋಡುತ್ತಿದ್ದ. ನೀಲಿ ಮೇಲಿದ್ದರೆ ಏನು ತಪ್ಪು, ಕೆಳಗಿದ್ದರೆ ಏನು ಹೆಚ್ಚು ಎಂದು ನನಗೆ ಆಗಲೂ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.

ಅತ್ತಿಗೆ ಎದ್ದು ಅವನ ಎದುರಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಮನೇಲಿ ತೋರಿಸ್ದಾಗ ಬಾಯಿಗೆ ಏನಾಗಿತ್ತು? ಹೀಗಾ ಅಂದ್ರೆ ಅದೇ, ಹಾಗಾ ಅಂದ್ರೆ ಅದೇ! ಈ ಆರನ್ನೂ ಎತ್ತಿ ಕೂರ್ಸೋಕೆ ನಿಮ್ ತಮ್ಮನ ಸೊಂಟ ಬಿದ್ದೋಗಿದೆ, ಗೊತ್ತಾ?"

"ಅಲ್ಲ" ಎಂದ ಅಣ್ಣ.

"ಏನಲ್ಲ? ಒಟ್ಟಿಗೆ ಗುರುತು ಹಾಕ್ತೀನಿ, ಒಟ್ಟಿಗೆ ಹಾಕ್ತೀನಿ ಅಂತ ಕೂತಿದ್ದು ಯಾರು? ನಾನಾ?"

"ಅಲ್ಲ, ಅಲ್ಲ!"

"ಹಾಗಾದ್ರೆ ನೀವೇ ಅಂತ ಒಪ್ಕೊಳ್ಳಿ!"

ಅಣ್ಣ ಎಡಗೈಯಿಂದ ಕುರ್ಚಿಯ ತೋಳನ್ನು ಗುದ್ದಿದ. ಅತ್ತಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಬಂದರು. ನೀರು ಹಿಡಿದು ಬಂದ ಪಾದ್ರಿಗಳು ಅರ್ಧದಲ್ಲೇ ನಿಂತು, ಮೇಷ್ಟ್ರ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ನಾಳೆ ಪ್ರತಿಷ್ಠೆಯಾಗಬೇಕಿದ್ದ ಜಾಗದಲ್ಲಿ ಗಂಡ ಹೆಂಡತಿ ಜಗಳವಾಡುತ್ತಿದ್ದರು. ನಾನು ಕಣ್ಣೊರೆಸಿಕೊಂಡು ಸ್ಕ್ರೂಡ್ರೈವರ್ ತೆಗೆದುಕೊಂಡು ಸಾರುವೆ ಹತ್ತಿದೆ.